ಕಡೆದದ್ದು

ಕಾಟೀಹಳ್ಳಿ ಕೈಗಾರಿಕಾ ಪ್ರದೇಶ, ಮೂರನೇ ಅಡ್ಡರಸ್ತೆ,
ತಗಡಿನ ಮಾಡು, ಒಳಗೆ ಆರು ಲೇತು.
ಮೊನ್ನೆಮೊನ್ನೆಯವರೆಗೂ ಇಲ್ಲಿ
ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ
ಶಾಫ್ಟು, ಬುಶ್ಶು, ಹಲ್ಲಿನ ಚಕ್ರ.
ಸಕಲೇಶಪುರದ ರೈಟರುಗಳು ಬಂದು
ಚೌಕಾಸಿ ಮಾಡಿ, ಬೈದು,
ಸಾಲ ಹೇಳಿ ಒಯ್ಯುತ್ತಿದ್ದರು.
ಯಾವ ತೋಟದ ಯಾವ ಮಿಷೀನಿಗೆ ಏನು ಹೋಯಿತು
ಎಲ್ಲ ನನಗೆ ಬಾಯಿಪಾಠ.

ಈಗ ಬರುವುದು ನಕ್ಷೆ ಮಾತ್ರ.
ಕೆಳಮೂಲೆಯಲ್ಲಿ ೪೪೭೧-ಬಿ.
ಹೆಬ್ಬೆರಳು ಗಾತ್ರದ ಪಿನ್ನು, ತುದಿಗೊಂದು ತೋಡು,
ಹತ್ತು ಮೈಕ್ರಾನು ಆಚೀಚೆ ಆದರೆ ಕಸ.
'ಉಪಯೋಗ' ಎಂಬ ಕಾಲಮ್ಮಿನಲ್ಲಿ
ಒಂದು ಅಡ್ಡಗೆರೆ.

ಟೆಂಡರು ಹಿಡಿದ ದೊಡ್ಡ ಕಂಪನಿಗೆ ನಾವು
ಉಪಗುತ್ತಿಗೆಯ ಉಪಗುತ್ತಿಗೆ.
ಅವರ ಅಧಿಕಾರಿ ವರ್ಷಕ್ಕೆರಡು ಸಲ ಬರುತ್ತಾರೆ,
ಎಳನೀರು ಕುಡಿದು, ಮಾಪಕಗಳ ಸರ್ಟಿಫಿಕೇಟು ನೋಡಿ,
"ಫ್ಯೂಜಿನ ಭಾಗ, ಅಷ್ಟೇ" ಅನ್ನುತ್ತಾರೆ,
ಮನೆಯ ಮೀಟರು ಬೋರ್ಡಿನ ಮಾತಾಡಿದ ಹಾಗೆ.

ದ್ಯಾವಯ್ಯ ಕಡೆಯುತ್ತಾನೆ. ನಾನು ಅಳೆಯುತ್ತೇನೆ.
ಶೀಟಿನ ಕೆಳಗೆ ನನ್ನ ಸಹಿ: ಚೂಡಾಮಣಿ ಬಿ.ಎಚ್.
ಏಳನೇ ಕ್ಲಾಸಿನಲ್ಲಿ ಹಳೇಬೀಡಿಗೆ ಕರೆದೊಯ್ದ ಮೇಷ್ಟರು
ನುಣುಪು ಕಂಬ ಸವರಿ
"ಇದೂ ತಿರುಗಿಸಿ ಕಡೆದದ್ದೇ, ಮಕ್ಕಳಾ" ಅಂದಿದ್ದರು,
ಪೀಠದ ಅಂಚಿನಲ್ಲಿ ಶಿಲ್ಪಿಯ ಹೆಸರು ತೋರಿಸಿದ್ದರು.
ಅವನಿಗೆ ಗೊತ್ತಿತ್ತು ತನ್ನ ಕಲ್ಲು ನಿಲ್ಲುವ ಜಾಗ.
ನನ್ನ ಹೆಸರು ಪೆಟ್ಟಿಗೆಯೊಳಗೆ ಕೂತು
ಶಿರಾಡಿ ಘಾಟಿ ಇಳಿದು
ಮಂಗಳೂರು ಬಂದರಿನ ತನಕ ಹೋಗುತ್ತದೆ.
ಲಾರಿಯ ಇದಿನಬ್ಬನಿಗೆ ಗೊತ್ತಿರುವುದೂ ಅಲ್ಲಿಯ ತನಕವೇ.

ಕಡೆ ಎಂಬ ಮಾತು ಎಷ್ಟು ಕಡೆ ತಿರುಗುತ್ತದೆ ನೋಡಿ.
ಕಡೆದವನಿಗೆ ಗೊತ್ತಿಲ್ಲ ಇದು ಯಾರ ಕಡೆ,
ಅಳೆದವಳಿಗೆ ಗೊತ್ತಿಲ್ಲ ಯಾರ ಕಡೆಗಾಲ.

ಆಯುಧಪೂಜೆಗೆ ಯಜಮಾನರು ಲೇತಿಗೆ ಸೇವಂತಿಗೆ ಏರಿಸಿ
ಹೊಸ ಆರ್ಡರಿನ ಖುಷಿಗೆ ನಮಗೆ ಸೀರೆ, ಪಂಚೆ ಕೊಟ್ಟರು.
ಪ್ರತಿ ವರ್ಷ ನಗುತ್ತಿದ್ದೆವು,
ಸ್ಪ್ಯಾನರು ಯಾವ ಸೀಮೆ ಆಯುಧ ಎಂದು.
ಈ ಸಲ ಯಾರೂ ನಗಲಿಲ್ಲ.
ಬೂದುಗುಂಬಳಕ್ಕೆ ಕುಂಕುಮ ತುಂಬಿ
ಗೇಟಿನೆದುರು ಒಡೆದಾಗ
ಚಿಲ್ಲರೆ ಕಾಸಿಗೆಂದು ಕಾವಲಿನವನ ಮಗಳು ಕೈಹಾಕಿ
ಮೊಣಕೈ ತನಕ ಕೆಂಪಾಗಿ
ನಗುತ್ತ ಎದ್ದು ಬಂದಳು.

ಮಾರನೇ ವಾರ ಹದಿನೇಳು ಪಿನ್ನು ತಿರಸ್ಕರಿಸಿದೆ.
"ಅಳತೆ ಸರೀಗೇ ಐತಲ್ಲ, ಚೂಡಕ್ಕ."
ನನ್ನ ಮೈಕ್ರೋಮೀಟರಿನಲ್ಲೇ ಒಂದೊಂದೂ ಹಿಡಿದು ತೋರಿಸಿದ.
ಜಗಳವಾಡಲಿಲ್ಲ ದ್ಯಾವಯ್ಯ.
ಎಣ್ಣೆಬಟ್ಟೆಗೆ ಬೆರಳೊರೆಸುತ್ತ ಹೇಳಿದ:
"ನನ್ ತಮ್ಮ ಗಡೀಲವ್ನೆ. ಪಿನ್ನು ಎಡವಟ್ಟಾದ್ರೆ
ಮೊದ್ಲು ಹೋಗೋದು ಹಿಡ್ಕಂಡೋನ ಕೈ."
ಇದು ಹೊರದೇಶದ ಪೆಟ್ಟಿಗೆ ಕಣೋ, ಅನ್ನಲು ಬಾಯಿ ತೆರೆದೆ.
ಅಲ್ಲಿ ಹಿಡಿದವನಿಗೂ ಒಬ್ಬ ಅಣ್ಣ ಇರುತ್ತಾನೆ.
ಅವನೆದುರು ನಿಂತವನಿಗೂ.
ಲೇತು ತಿರುಗುತ್ತಲೇ ಇತ್ತು.
ಹದಿನೇಳಕ್ಕೂ ಸಹಿ ಹಾಕಿದೆ.

ಹಿಂದೊಮ್ಮೆ ನಿಜವಾಗಿ ಅಳತೆ ತಪ್ಪಿದ ಒಂದು
ನನ್ನ ಟಿಫಿನ್ ಚೀಲದಲ್ಲಿ ಮನೆಗೆ ಬಂದಿತ್ತು.
ಅಮ್ಮ ಅದನ್ನು ಕೋಳಿಗೂಡಿನ ಅಗುಳಿಗೆ ಸಿಕ್ಕಿಸಿದ್ದಾಳೆ.
ರಾತ್ರಿ ಮುಂಗುಸಿ ಬಂದು ಕೆರೆದು ಹೋಗುತ್ತದೆ,
ಬಾಗಿಲು ಅಲ್ಲಾಡುವುದಿಲ್ಲ.
"ಗಟ್ಟಿ ಮಾಲು ಕಣೇ," ಅನ್ನುತ್ತಾಳೆ ಬೆಳಿಗ್ಗೆ, ಮೊಟ್ಟೆ ಎಣಿಸುತ್ತ,
"ಇಂಥದ್ದೇ ಇನ್ನೊಂದು ತಾ.
ಹಿತ್ತಲ ಬಾಗಿಲಿಗೂ ಬೇಕು."