ಸಹಿಯ ಕೆಳಗಿನ ಜಾಗ

(ಬೂಗನ್‌ವಿಲ್ ದ್ವೀಪ, ಕದನವಿರಾಮದ ವರ್ಷ)

ಇಲ್ಲೊಂದು ಸಹಿ ಹಾಕಿ ಅಮ್ಮ, ಎಂದ ಗುಮಾಸ್ತ.
ಗಂಡಸರ ಹೆಸರುಗಳೆಲ್ಲ ಮುಗಿದು
ಹಾಳೆಯ ಅಂಚು ಬರುವಲ್ಲಿ
ಎರಡು ಬೆರಳಷ್ಟು ಬಿಳಿ ಉಳಿದಿತ್ತು.
ಪಕ್ಕದಲ್ಲಿ ಅಚ್ಚಾಗಿತ್ತು: ವೀಕ್ಷಕರು.

ಹಾಗಂದರೆ?
ನೋಡಿದವರು, ಅಂದ.

ನೋಡಿದ್ದೇನಪ್ಪ, ಸುಳ್ಳಲ್ಲ.
ಹಡಗು ಬಾರದ ವರ್ಷಗಳಲ್ಲಿ
ಉಪ್ಪಿಲ್ಲ, ಸೀಮೆಎಣ್ಣೆಯಿಲ್ಲ, ಜ್ವರಕ್ಕೊಂದು ಮಾತ್ರೆಯಿಲ್ಲ;
ಹುಡುಗರು ಜೀಪಿಗೆ ಕೊಬ್ಬರಿ ಎಣ್ಣೆ ಹೊಯ್ದು ಓಡಿಸಿದರು.
ಜೀಪು ಹೋದ ದಾರಿಯುದ್ದ
ಏನೋ ಕರಿಯುತ್ತಿರುವ ವಾಸನೆ.
ಹಸಿದ ಮಕ್ಕಳು ಮೂಗೆತ್ತಿಕೊಂಡು
ಬಂದೂಕುಗಳ ಹಿಂದೆ ಓಡಿದ್ದನ್ನು ನೋಡಿದ್ದೇನೆ.

ಕಾಡಿನಲ್ಲಿ ಅಪೊಲೋನಿಯಾ ಹೆತ್ತ ರಾತ್ರಿ
ಬಿದಿರ ಸಿಬಿರಿನಿಂದ ಹೊಕ್ಕುಳಬಳ್ಳಿ ಕೊಯ್ದವಳು ನಾನು.
ಬೆಳಗಿನ ಹೊತ್ತಿಗೆ
ಮಗು ಒಂದು ಕಂಕುಳಲ್ಲಿ,
ತಾಯಿಯನ್ನು ಹೂಳಲು ಗುದ್ದಲಿ ಇನ್ನೊಂದರಲ್ಲಿ.
ಇದಕ್ಕೂ ನಿಮ್ಮ ಕಾಗದದಲ್ಲಿ
ನೋಡುವುದು ಅಂತಲೇ ಹೆಸರೇನು?

ಆಮೇಲೆ ಹೊಳೆ ದಾಟಿದೆವು, ಏಳು ಜನ.
ಒಂದು ಮೂಟೆ ಬೇಯಿಸಿದ ಗೆಣಸು.
ಮೂಟೆಯ ಆ ತುದಿ ಹಿಡಿದವಳು ಪೆರ್ಪೆತುವಾ,
ಸೈನ್ಯದ ಕಡೆಯವಳು;
ಅವಳ ಮಗನೇ ನನ್ನ ಮನೆಗೆ ಬೆಂಕಿಯಿಟ್ಟಿದ್ದು.
ಮೊದಲ ದಿನ ನಾವು ಮಾತಾಡಲಿಲ್ಲ.
ಎರಡನೆಯ ದಿನ ಅವಳು, ನಿಧಾನ, ಜಾರುತ್ತೆ, ಅಂದಳು.
ಅಷ್ಟೇ. ಬೇಕಾದರೆ ಅದನ್ನೂ ಬರೆದುಕೋ.

ಶಿಬಿರದ ಬಾಯಲ್ಲಿ ಬಂದೂಕು ಎದೆಗೆ ಬಂತು.
ಗುಪ್ತಪದ ಹೇಳಿ!
ನಮ್ಮ ಹತ್ತಿರ ಎಲ್ಲಿಯ ಗುಪ್ತಪದ.
ಅವನ ಚಿಕ್ಕಂದಿನ ಅಡ್ಡಹೆಸರು ಹಿಡಿದು ಕೂಗಿದೆ:
ಲೋ ಬಸವನಹುಳು,
ನಡೆ ಕಲಿಯಲು ಎರಡು ವರ್ಷ ತೆಗೆದುಕೊಂಡವನೇ,
ಗೆಣಸು ಆರುತ್ತಿದೆ, ಬಾ.

ಬಂದೂಕು ಇಳಿಸಿದ ಅಂತ ಪತ್ರಿಕೆಯವರು ಬರೆದರು.
ಇಳಿಸಲಿಲ್ಲ.
ತಿಂದ, ಒಂದೇ ಕೈಯಲ್ಲಿ.
ಇನ್ನೊಂದು ಕೈ ಇಳಿಯಲು
ಹದಿನೆಂಟು ತಿಂಗಳು ಹಿಡಿಯಿತು;
ಹದಿನೆಂಟು ತಿಂಗಳೂ ಹೊಳೆ, ಮೂಟೆ, ಜಾರುವ ಕಲ್ಲು.

ಈಗ ಇಲ್ಲಿ ಡೇರೆ ಎದ್ದಿದೆ.
ಮೇಜಿಗೆ ಹಸಿರು ಬಟ್ಟೆ, ಪ್ಲಾಸ್ಟಿಕ್ ಬಾಟಲಿಯ ನೀರು,
ದೂರದೇಶದ ಮೂವರು ಸಾಹೇಬರು.
ಹದಿಮೂರು ಕುರ್ಚಿ, ಎಣಿಸಿದ್ದೇನೆ.
ನಮಗೆ ಚಾಪೆ, ಚಹಾದ ಪಾತ್ರೆಯ ಹತ್ತಿರ.

ಗೊತ್ತೇನಪ್ಪ ನಿನಗೆ,
ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ ಇಳಿಯುತ್ತದೆ.
ಗಂಡಸು ಮದುವೆಯಾಗಿ ಬರುವುದು ಹೆಂಡತಿಯ ಮಣ್ಣಿಗೆ.
ಈ ಮೇಜಿನ ನಾಲ್ಕು ಕಾಲೂ ಊರಿರುವುದು
ನನ್ನವ್ವ ಗೆಣಸು ನೆಡುತ್ತಿದ್ದ ಪಾತಿಯಲ್ಲಿ.
ಡೇರೆಯ ಗೂಟ ಹೊಡೆಯಲು ಅಪ್ಪಣೆ ಕೇಳಿ
ಹೋದ ವಾರ ನೀನೇ ತಂದ ಕಾಗದ ನೆನಪಿದೆಯೇ?
ಅದರಲ್ಲಿ ನನ್ನ ಹೆಸರು ಮೇಲಿತ್ತು.
ಒಂದೇ ಹೆಸರಿತ್ತು.
ಗೂಟಕ್ಕೆ ನಾನು ಒಡತಿ,
ಶಾಂತಿಗೆ ಎರಡು ಬೆರಳು.

ಅವನ ಕಿವಿ ಕೆಂಪಾಯಿತು, ಪಾಪ, ಚಿಕ್ಕವನು.
ನಾನು ಬರೆಯೋದು ಅಲ್ಲಮ್ಮ, ಬರೆದದ್ದು ತರೋದು, ಅಂದ.

ಪೆನ್ನು ತೆಗೆದುಕೊಂಡೆ.
ಮಿಷನ್ ಶಾಲೆಯಲ್ಲಿ ಕಲಿತ ದುಂಡು ಅಕ್ಷರ,
ನಾಲ್ಕು ವರ್ಷದಿಂದ ಬರೆಯದ ಕೈ.
ಬ್ಲಾಂಡಿನಾ, ಎಂದು ಬರೆಯುವಷ್ಟರಲ್ಲಿ
ಮೊದಲಕ್ಷರದ ಹೊಟ್ಟೆ ಉಬ್ಬಿ
ಮೇಲಿನ ಕರ್ನಲ್ಲನ ಹೆಸರಿಗೆ ತಾಗಿತು.
ತಾಗಲಿ.

ಪೆರ್ಪೆತುವಾಳಿಗೆ ಜಾಗ ಉಳಿಯಲಿಲ್ಲ.
ಅವಳು ಯಾರನ್ನೂ ಕೇಳಲಿಲ್ಲ,
ಹಾಳೆ ಮಗುಚಿದಳು.
ಹಿಂಬದಿ ಪೂರ್ತಿ ಖಾಲಿ.

ಚಾಪೆಯಿಂದ ಒಬ್ಬೊಬ್ಬರೇ ಎದ್ದು ಬಂದರು,
ಸೆರಗಿಗೆ ಕೈ ಒರೆಸಿಕೊಳ್ಳುತ್ತ.
ಗುಮಾಸ್ತ ಪೆನ್ನು ವಾಪಸು ಬೇಕೆಂದು
ಕೈ ಚಾಚಿಯೇ ನಿಂತಿದ್ದ.