ಡಾಕ್ಟರು ಕೊಟ್ಟ ಮೂರು ಪದ

ಬೀಗ, ಹುಣಸೆ, ಏಣಿ.
ಇವನ್ನ ಇಟ್ಕೊಂಡಿರಿ ಅಮ್ಮಾ, ಐದು ನಿಮಿಷಕ್ಕೆ ವಾಪಸು ಕೇಳ್ತೀನಿ
ಅಂದರು ಎಳೇ ಡಾಕ್ಟರು, ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ.
ಗಡಿಯಾರ ಬರೆಸಿದರು. ನೂರರಿಂದ ಏಳೇಳು ಕಳೆಸಿದರು.
ಕಳೆದೆ. ಎರಡಕ್ಕೆ ಬಂದು ನಿಂತೆ,
ಮುಂದೆ ಕಳೆಯಲು ಸಾಲದೆ.
ಮೂರು ಪದವನ್ನೂ ಬಡ್ಡಿಯಿಲ್ಲದೆ ತೀರಿಸಿದೆ.
ಆದರೂ ಚೀಟಿ ಬರೆದರು: ನಡಿಗೆ, ನಿದ್ದೆ, ಉಪ್ಪು ಕಡಿಮೆ,
ಹೊಸದೇನಾದರೂ ಕಲಿಯಿರಿ, ನಾಲ್ಕು ಜನರ ಜೊತೆ ಮಾತಾಡಿ.

ಮಾತಾಡಿ!
ಇಪ್ಪತ್ತೆರಡು ವರ್ಷ ಆ ಒಂದು ಪದದ ಸಂಬಳ ಉಂಡವಳು ನಾನು,
ದಾವಣಗೆರೆ ಟ್ರಂಕ್ ಎಕ್ಸ್‌ಚೇಂಜಿನ ಪಾಲಾಕ್ಷಮ್ಮ.
ಕಿವಿಗೆ ಹೆಡ್‌ಸೆಟ್ಟು, ಕೈಯಲ್ಲಿ ಹುರಿ, ಎದುರಿಗೆ ತೂತುಗಳ ಗೋಡೆ.
ಬೊಂಬಾಯಿ ಸಿಕ್ಕಿತು, ಮಾತಾಡಿ.
ಹತ್ತಿಯ ಧಾರಣೆ, ಗಂಡು ಮಗು, ಲಾರಿ ಪಲ್ಟಿ,
ಎಲ್ಲ ನನ್ನ ಎರಡು ಬೆರಳ ನಡುವೆ ದಾಟಿಹೋದವು.
ನಂಬರಿಗೆ ಪುಸ್ತಕ ತೆರೆಯುವವರನ್ನ ಕಂಡು ನಗುತ್ತಿದ್ದೆವು ಆಗ.

ಈಗ ಬೆಳಗ್ಗೆ ಐದೂವರೆಗೆ ಕುಂದವಾಡ ಕೆರೆ ಏರಿ.
ಹೆಜ್ಜೆಗೊಂದು ಅಂಕಿ.
ಕಾಳಿನ ಮಂಡಿ, ನಾಲ್ಕು ಎರಡು ಏಳು.
ಮಿಲ್ಲಿನ ಗೇಟು, ಎರಡು ಸೊನ್ನೆ ಆರು.
ಎತ್ತುವವರಿಲ್ಲದ ಫೋನುಗಳೆಲ್ಲ
ನನ್ನ ಚಪ್ಪಲಿಯಡಿ ಟ್ರಿಣ್ ಅನ್ನುತ್ತವೆ.
ನೀರುಕೋಳಿ ಮುಳುಗಿದ್ದೆಲ್ಲಿ, ಎದ್ದದ್ದೆಲ್ಲಿ,
ಅದೂ ಒಂದು ಲೆಕ್ಕ.

ಸಂಜೆ ಮಂಡಕ್ಕಿ ಭಟ್ಟಿಯ ಜೈಬುನ್ನೀಸಾ ಬರುತ್ತಾಳೆ,
ಸೆರಗಿನ ತುಂಬ ಹೊಟ್ಟಿನ ಹೊಗೆ.
ಅವಳು ನನಗೆ ಉರ್ದು ಅಕ್ಷರ,
ನಾನು ಅವಳಿಗೆ ಕನ್ನಡದಲ್ಲಿ ಉದ್ರಿ ಬರೆಯುವುದು.
ಬಲದಿಂದ ಎಡಕ್ಕೆ ಗೀಚುವಾಗ
ಎಪ್ಪತ್ತೆರಡರ ಕೈ ಮತ್ತೆ ಒಂದನೇ ಕ್ಲಾಸಿಗೆ ಹೋಗುತ್ತದೆ.
ಬೇಗೆ ಕೆಳಗೊಂದು ಚುಕ್ಕೆ, ತೇಗೆ ಮೇಲೆರಡು.
ತಪ್ಪಿದರೆ ಪೆನ್ಸಿಲಿನಿಂದ ಗೆಣ್ಣಿಗೆ ಹೊಡೆಯುತ್ತಾಳೆ, ಒರಟಿ.
ಪಾಠ ಮುಗಿದ ಮೇಲೆ ಮಂಡಕ್ಕಿ, ಜೊತೆಗೊಂದು ಮೆಣಸಿನಕಾಯಿ.
ಇದು ಡಾಕ್ಟರ ಚೀಟಿಯಲ್ಲಿಲ್ಲ.

ಒಂದನ್ನು ಮಾತ್ರ ಮರೆಯಬೇಕೆಂದಿದ್ದೆ.
ಎಪ್ಪತ್ತೊಂಬತ್ತು, ಒಂದು ರಾತ್ರಿ, ಹೊಸಪೇಟೆಯ ಲೈನು.
ಅವ್ವ ಹೆಂಗದಾಳೆ? ಒಬ್ಬ ಹುಡುಗನ ದನಿ.
ಈ ಕಡೆಯವರು ಮೂರು ನಿಮಿಷ ತೀರುವವರೆಗೂ ಬಾಯಿ ಬಿಡಲಿಲ್ಲ.
ಇನ್ನೂ ಮೂರು ನಿಮಿಷ ಬಿಟ್ಟೆ ನಾನು, ಬಿಲ್ಲಿಗೆ ಬರೆಯದೆ.
ನಡೆದಷ್ಟೂ, ನಿದ್ದೆ ಮಾಡಿದಷ್ಟೂ
ಅದೂ ಉಳಿದವುಗಳ ಜೊತೆಗೇ ಹೊಳಪಾಗುತ್ತಿದೆ.
ಇರಲಿ. ಒಂದು ಹುರಿ ಕಿತ್ತರೆ
ಪಕ್ಕದ್ದೂ ಸಡಿಲಾಗುತ್ತದೆ, ಬೋರ್ಡಿನ ಗುಣ ಅದು.

ಆರು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಮೂರು ಕೊಟ್ಟರು:
ಛತ್ರಿ, ಬೆಲ್ಲ, ಕುರಿ.
ನಾನು ಆರನ್ನೂ ಹೇಳಿದೆ.
ಹಳೆಯ ಮೂರು ಅವರಿಗೆ ನೆನಪಿರಲಿಲ್ಲ, ಪಾಪ, ಫೈಲು ತಿರುವಿದರು.
ಐದೂವರೆಗೆ ಕೆರೆ ಏರಿಗೆ ಬನ್ನಿ ಸಾರ್, ಅಂದೆ.
ಬೀಗಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಬಂದರೆ
ಹನಿ ಶುರುವಾಗಿದೆ,
ನನ್ನ ಛತ್ರಿ ಅವರ ಮೇಜಿನ ಮೇಲಿದೆ.