ಅರ್ಧ ಗುಳಿಗಿ

ಎರಡೂ ಮುಕ್ಕಾಲಿಗೆ ಚಡಚಣದ ಕಡೆಯ ಗಾಡಿ
ವಿಜಯಪುರದ ನಮ್ಮ ಕ್ಯಾಜುವಲ್ಟಿಯ ಇಳಿಜಾರಿಗೆ
ಹಿಮ್ಮುಖವಾಗಿ ಬಂದು ನಿಂತಿತು.
ಹುಸೇನಸಾಬ ನದಾಫ, ಅರವತ್ತೋ ಎಪ್ಪತ್ತೋ,
ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದವರು.
ಕಿವಿಯ ಹಿಂದೆ ಬದನೆಕಾಯಿ ಬಣ್ಣ.
ಎಬ್ಬಿಸಿದರೆ ಬೈಯುತ್ತಾರೆ, ಬಿಟ್ಟರೆ ಗೊರಕೆ.

"ಏನು ಗುಳಿಗಿ ತಗೋತಾರ?"
ಸೊಸೆ ರೇಷ್ಮಾಬಿ ಕ್ಯಾರಿಬ್ಯಾಗ್ ಸುರಿದಳು ಟೇಬಲ್ ಮೇಲೆ:
ರೇಷನ್ ಕಾರ್ಡಿನ ಝೆರಾಕ್ಸು, ಅಡಕಿ ಚೂರು,
ಮಡಚಿದಲ್ಲೆಲ್ಲ ಹರಿದ ಒಂದು ಬಿಲ್ಲು.
"ಸಣ್ಣದರೀ. ಅರ್ಧಾ ಮುರದು ಕೊಡತೀನಿ, ದಿನಾ ಸಂಜಿಕ."
ಯಾವುದರ ಅರ್ಧ, ತಾಯೀ?
"ಸೊಲ್ಲಾಪುರದಾಗ ಎಲ್ಲಾ ಕಂಪ್ಯೂಟರಿನ್ಯಾಗ ಐತ್ರಿ."

ಐತಿ. ನನಗೂ ಗೊತ್ತು.
ಭೀಮಾ ದಾಟಿದರೆ, ಯಾರೂ ಕೂಡದ ಕುರ್ಚಿಯೆದುರು
ಕಪ್ಪು ಪರದೆಯೊಳಗೆ ಇವರ ರಕ್ತದ ಜಾತಕ ಮಲಗಿದೆ.
ಫೋನು ಹಚ್ಚಿದೆ. ಆಕಳಿಸುತ್ತ ಮರಾಠಿಯಲ್ಲೊಂದು ದನಿ:
ರೆಕಾರ್ಡ್ ರೂಮು ಒಂಬತ್ತಕ್ಕೆ.
ತಲೆಯೊಳಗೆ ಸೋರುವ ನೆತ್ತರು
ಗಡಿಯಾರ ನೋಡಿ ಕಾಯುತ್ತದೇನು?

ಅಂಗಿ ಕತ್ತರಿಸಿದೆ.
ಎದೆಯ ನಡುವೆ ಉದ್ದನೆಯ ಹಳೆ ಹೊಲಿಗೆ.
ಸ್ಟೆತಸ್ಕೋಪ್ ಇಟ್ಟೆ.
ಟಿಕ್. ಟಿಕ್.
ಲೋಹದ ಪುಟ್ಟ ಕದವೊಂದು ಮುಚ್ಚುವ ಸದ್ದು.
ಹಾಗಾದರೆ ಅದು ರಕ್ತ ತೆಳುವಾಗಿಸುವ ಗುಳಿಗಿ.
"ಗುರಲಿಂಗ, ಓಡು, ಬ್ಲಡ್ ಬ್ಯಾಂಕಿಗೆ!"

ಎಲ್ಲ ದವಾಖಾನೆಗಳೂ ಒಂದೇ ಕಡತ ಓದಲಿ ಎಂದು
ಮೀಟಿಂಗಿನಲ್ಲಿ ಮೊದಲು ಕೈ ಎತ್ತಿದವಳು ನಾನೇ.
ಎತ್ತಿದ ಕೈ ಇಳಿಯುವ ಮೊದಲೇ ನೆನಪಾದಳು
ಹೋದ ಯುಗಾದಿಯ ಹಿಂದಿನ ರಾತ್ರಿ ಬಂದ ಹುಡುಗಿ.
ಅವಳ ಹೆಸರು ಇಲ್ಲೂ ಬರೆಯಲಾರೆ.
ನನ್ನ ಪೆನ್ನಿನ ತುದಿಯನ್ನೇ ಹಿಡಿದುಕೊಂಡಿದ್ದಳು:
"ಬರೀಬ್ಯಾಡ್ರಿ ಅಕ್ಕಾರ, ನಮ್ಮ ಮೈದುನ
ಇಂಡಿ ದವಾಖಾನ್ಯಾಗ ಕಂಪ್ಯೂಟರ್ ಒತ್ತತಾನ."
ಬರೆದೆ, ಬರೆಯಲೇಬೇಕಿತ್ತು.
ಬರೆದದ್ದನ್ನು ಕಪಾಟಿನ ತಳಕ್ಕೆ ತುರುಕಿ ಕೀಲಿ ಜಡಿದೆ.
ಆ ತುಕ್ಕು ಕೀಲಿಗೆ ಅಂದು ಕೈ ಮುಗಿಯಬೇಕೆನಿಸಿತ್ತು.
ಇಂದು ಅಂಥದೇ ಕೀಲಿಗೆ ಕಲ್ಲು ಎತ್ತುವಷ್ಟು ಸಿಟ್ಟು.

ನದಾಫರನ್ನು ಥಿಯೇಟರಿಗೆ ಒಯ್ದರು.
ರೇಷ್ಮಾಬಿ ಅಡಕಿ ಚೂರುಗಳನ್ನು ಒಂದೊಂದಾಗಿ ಆರಿಸಿ
ಮತ್ತೆ ಕ್ಯಾರಿಬ್ಯಾಗಿಗೆ ಹಾಕಿದಳು.

ಒಂಬತ್ತೂ ಹತ್ತಕ್ಕೆ, ಚಪ್ಪಲಿ ಮೆಟ್ಟುವಾಗ, ಫೋನು.
ಫೈಲು ಸಿಕ್ಕಿತು ಡಾಕ್ಟರ್, ಇನ್ನೂ ಬೇಕೇ?
ಬೇಕು, ಎಂದೆ.
ಕೇಳುತ್ತಿರುವವರು ಯಾರು?
ರಾತ್ರಿ ಇದನ್ನು ಯಾರೂ ಕೇಳಿರಲಿಲ್ಲ.
ನೆಟ್ಟಗೆ ನಿಂತು
ನನ್ನ ಪೂರ್ತಿ ಹೆಸರು ಹೇಳಿದೆ.